ಈಗ ಬರ್ತೈತ್ರಿ

ಬೆಂಗಳೂರಿನಲ್ಲಿ ರಾತ್ರಿ ಹತ್ತಿದವರನ್ನು ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಸಿ ತನ್ನ ಪಾಡಿಗೆ ಹುಬ್ಬಳ್ಳಿಗೆ ಹೋಗಿಬಿಡುತ್ತದೆ. ಆಮೇಲೆ ನೀವುಂಟು, ಲಾಡ್ಜಿನ ಮ್ಯಾನೇಜರುಂಟು.

ಅವರನ್ನು ನೀವೂ ನೋಡಿರುತ್ತೀರಿ. ಹಣೆಗೆ ಕುಂಕುಮ, ಕಿವಿಗೆ ಪೆನ್ನು, ಬೆನ್ನ ಹಿಂದೆ ಊದುಬತ್ತಿ ಹೊಗೆಯಲ್ಲಿ ವೆಂಕಟರಮಣನ ಫೋಟೊ. ಆಧಾರ್ ಜೆರಾಕ್ಸ್ ಕೇಳುವಾಗ, ಅಡ್ವಾನ್ಸ್ ಎಣಿಸುವಾಗ ಅವರಷ್ಟು ಚುರುಕಿನ ಮನುಷ್ಯ ಇಡೀ ವಿಜಯನಗರ ಜಿಲ್ಲೆಯಲ್ಲಿಲ್ಲ. ಕೀಲಿಕೈ ಕೊಟ್ಟದ್ದೇ ತಡ, ಬಾಯಲ್ಲಿ ಉಳಿಯುವುದು ಒಂದೇ ಮಾತು.

ಬಿಸಿನೀರು? "ಈಗ ಬರ್ತೈತ್ರಿ." ಕರೆಂಟು? "ಈಗ ಬರ್ತೈತ್ರಿ." ಟವೆಲ್ಲು? "ದೋಬಿ ಈಗ ಬರ್ತಾನ್ರಿ." ಫ್ಯಾನಿನ ಬಗ್ಗೆ ನಾನು ಕೇಳಲಿಲ್ಲ, ಅದು ತಿರುಗುವಾಗಿನ ಸದ್ದಿಗಿಂತ ನಿಂತಿರುವುದೇ ವಾಸಿ.

ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಲುಂಗಿ ಸುತ್ತಿಕೊಂಡು, ನೊರೆಯ ಸಮೇತ ಕೌಂಟರಿಗೆ ಇಳಿದೆ.

"ಏನ್ರೀ ಇದು, ಊರ ಮಗ್ಗುಲಲ್ಲೇ 33 ಗೇಟಿನ ತುಂಗಭದ್ರಾ ಡ್ಯಾಮ್ ಇಟ್ಟುಕೊಂಡು ನೀರಿಲ್ಲ ಅಂದ್ರೆ?"

ಮ್ಯಾನೇಜರು ಪೇಪರಿನಿಂದ ತಲೆ ಎತ್ತಲಿಲ್ಲ. "ಆ 19ನೇ ಗೇಟ್ ಕೊಚ್ಚಿಕೊಂಡು ಹೋತಲ್ರೀ ಸಾರ್, ಅವಾಗಿಂದ ಹಿಂಗ ಐತ್ರಿ."

2024ರ ಆಗಸ್ಟಿನಲ್ಲಿ ಚೈನು ತುಂಡಾಗಿ ಆ ಗೇಟು ಹೋದದ್ದು ನಿಜ. ಒಂದು ವಾರದಲ್ಲಿ ಅಲ್ಲಿಗೆ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದ್ದೂ ನಿಜ. ಅಂದು ನದಿಗೆ ಬೇಡವೆಂದರೂ ಹರಿದ ನೀರಿಗೂ ಎರಡನೇ ಮಹಡಿಯ ನನ್ನ ನಲ್ಲಿಗೂ ಏನು ಸಂಬಂಧ ಎಂದು ಕೇಳಬೇಕೆನ್ನುವಷ್ಟರಲ್ಲಿ ಕಣ್ಣಿಗೆ ಸೋಪು ಇಳಿಯಿತು. ರೂಮ್ ಬಾಯ್ ಒಂದು ಬಕೆಟ್ ತಣ್ಣೀರು ತಂದಿಟ್ಟು, ಬಾಗಿಲಲ್ಲೇ ನಿಂತು ಗೋಡೆ ನೋಡತೊಡಗಿದ. ಇಪ್ಪತ್ತು ರೂಪಾಯಿ ಕೊಟ್ಟ ಮೇಲೆ ಗೋಡೆಯಲ್ಲಿ ನೋಡುವಂಥದ್ದು ಏನೂ ಉಳಿಯಲಿಲ್ಲ.

ಮಧ್ಯಾಹ್ನ ಹಂಪಿಗೆ ಹೋಗಿ ರಾಣಿಯರ ಸ್ನಾನಗೃಹ ನೋಡಿದೆ. ಕಮಾನು, ಬಾಲ್ಕನಿ, ನಡುವೆ ದೊಡ್ಡ ಕೊಳ. ಅಲ್ಲೂ ನೀರಿಲ್ಲ. ಆದರೆ ಅಲ್ಲಿ ಯಾರೂ ಈಗ ಬರ್ತೈತ್ರಿ ಅನ್ನಲಿಲ್ಲ. ಅಷ್ಟರ ಮಟ್ಟಿಗೆ ಪುರಾತತ್ವ ಇಲಾಖೆಯವರು ಪ್ರಾಮಾಣಿಕರು.

ಮಾರನೇ ದಿನ, ಇಪ್ಪತ್ನಾಲ್ಕು ಗಂಟೆ ತುಂಬಲು ಹತ್ತು ನಿಮಿಷವಿರುವಾಗಲೇ ಬಾಗಿಲು ಬಡಿದರು. ಕರೆದರೆ ಒಂದು ಮೆಟ್ಟಿಲೂ ಹತ್ತದ ಮ್ಯಾನೇಜರು ಖುದ್ದಾಗಿ ಬಂದಿದ್ದರು. ಮಂಚದ ಮೇಲೆ, ಕಿಟಕಿಯ ಹಿಂದೆ, ಬಚ್ಚಲಲ್ಲಿ ಕಣ್ಣಾಡಿಸಿ ಕೇಳಿದರು:

"ಟವೆಲ್ ಎಲ್ಲೈತ್ರಿ ಸಾರ್?"

"ದೋಬಿ ಈಗ ಬರ್ತಾನ್ರಿ" ಎಂದೆ.

ಅಡ್ವಾನ್ಸಿನಲ್ಲಿ ನೂರು ರೂಪಾಯಿ ಹಿಡಿದುಕೊಂಡರು.