ತಾರೆಯ ವಯಸ್ಸು ಕೇಳಬಾರದೇ?

"ತಾರೆ ಬಂದರೆ ಕಪ್ ತಾನಾಗಿ ಬರುತ್ತದಲ್ಲವೇ ಸ್ವಾಮಿ?" ಎನ್ನುತ್ತಾನೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಬ್ರೂಕ್ಲಿನ್ ನೆಟ್ಸ್ ತಂಡದ ಭಕ್ತ. ಬರಬಹುದಪ್ಪ, ತಾರೆಯ ವಯಸ್ಸನ್ನೂ ಕೇಳಬೇಡವೇ? 2013ರಲ್ಲಿ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ರಾತ್ರಿ, ಬಾಸ್ಟನ್ ಸೆಲ್ಟಿಕ್ಸ್ ಜೊತೆ ಕುದುರಿದ ವ್ಯಾಪಾರದಲ್ಲಿ 37ರ ಕೆವಿನ್ ಗಾರ್ನೆಟ್, 35ರ ಪಾಲ್ ಪಿಯರ್ಸ್ ಬಂದರು. 2014, 2016, 2018ರ ಮೊದಲ ಸುತ್ತಿನ ಆಯ್ಕೆಯ ಹಕ್ಕುಗಳು ಬಾಸ್ಟನ್‌ಗೆ ಹೋದವು. 2017ರದ್ದನ್ನು ಅದಲುಬದಲು ಮಾಡಿಕೊಳ್ಳುವ ಹಕ್ಕು ಕೊಸರಿಗೆ! ಪಿಯರ್ಸ್ ಒಂದೇ ಋತು ಆಡಿ ಹೊರಟರು.

"ಗೆದ್ದಿದ್ದರೆ ಇದೇ ಬಾಯಲ್ಲಿ ದೂರದೃಷ್ಟಿ ಅನ್ನುತ್ತಿದ್ದಿರಿ!" ನಿಜ, ಅನ್ನುತ್ತಿದ್ದೆ. ಆದರೆ ಗೆಲುವು ಅನುಮಾನ, ಮುಪ್ಪು ಖಚಿತ. ಹೆಚ್ಚು ಸೋತವರಿಗೆ ಡ್ರಾಫ್ಟಿನಲ್ಲಿ ಮುಂಚಿನ ಸರದಿ ಸಿಗುವ ಸಂಭವ ಹೆಚ್ಚು. ಎನ್‌ಬಿಎ ದಯಪಾಲಿಸಿದ ಆ ಸಾಂತ್ವನವನ್ನೂ ನೆಟ್ಸ್ ಮಾರಿಕೊಂಡಿತ್ತು. "ಹಾಗಾದರೆ ಅವರು ಸೋತದ್ದು ಯಾರಿಗಾಗಿ?" ಬಾಸ್ಟನ್‌ಗಾಗಿ! 2016ರ ಆಯ್ಕೆಯಲ್ಲಿ ಜೇಲನ್ ಬ್ರೌನ್ ಸಿಕ್ಕ, 2017ರದ್ದರ ದಾರಿಯಲ್ಲಿ ಜೇಸನ್ ಟೇಟಮ್. 2024ರಲ್ಲಿ ಇಬ್ಬರೂ ಸೇರಿ ಕಪ್ಪನ್ನು ಬಾಸ್ಟನ್‌ಗೆ ಹೊತ್ತು ತಂದರು.