ಕೌದಿ ಮೀಮಾಂಸೆ

ಕಾವ್ಯ ಹುಟ್ಟುವುದು ಎಲ್ಲಿಂದ ಎಂದು ನಮ್ಮ ಆಲಂಕಾರಿಕರು ಶತಮಾನಗಟ್ಟಲೆ ತಲೆ ಕೆಡಿಸಿಕೊಂಡರು. ಕೌದಿ ಹುಟ್ಟುವುದು ಎಲ್ಲಿಂದ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಮೊದಲನೆಯದಕ್ಕೂ ಉತ್ತರ ಸಿಕ್ಕಿಬಿಡುತ್ತಿತ್ತು ಎಂಬುದೇ ಈ ಶಾಸ್ತ್ರದ ಪ್ರತಿಜ್ಞೆ.

ಶಾಸ್ತ್ರಕ್ಕೊಂದು ಕ್ಷೇತ್ರ ಬೇಕು. ನಮ್ಮದು ಅರಸೀಕೆರೆ. ರೈಲು ಜಂಕ್ಷನ್ನಿನ ಹಾಸನದ ಅರಸೀಕೆರೆಯಲ್ಲ, ಉಚ್ಚಂಗಿದುರ್ಗದ ಕಡೆಯ, ಹರಪನಹಳ್ಳಿ ತಾಲೂಕಿನ ಅರಸೀಕೆರೆ. ಆಯ್ಕೆ ಆಕಸ್ಮಿಕವಲ್ಲ. ಈ ತಾಲೂಕನ್ನು 1997ರಲ್ಲಿ ಬಳ್ಳಾರಿಯಿಂದ ಬಿಚ್ಚಿ ದಾವಣಗೆರೆಗೆ ಹೊಲಿದರು. ಮುಂದೆ ದಾವಣಗೆರೆಯಿಂದ ಬಿಚ್ಚಿ ಬಳ್ಳಾರಿಗೇ ಹೊಲಿದರು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ಸೇರಿಸಿ ವಿಜಯನಗರವೆಂಬ ಹೊಸ ಜಿಲ್ಲೆಗೆ ತೇಪೆ ಹಾಕಿದರು. ತೇಪೆಯ ತತ್ತ್ವ ಅರಿಯಲು ಇದಕ್ಕಿಂತ ಯೋಗ್ಯ ನೆಲ ಬೇರೊಂದಿಲ್ಲ.

ಇನ್ನು ಲಕ್ಷಣ. ಗಡಿಗೆಗೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ ಎನ್ನುತ್ತಾರೆ ತಾರ್ಕಿಕರು. ಕೌದಿಗೆ ಉಪಾದಾನ ಹಳೆಯ ಇಳಕಲ್ಲ ಸೀರೆ, ಅಜ್ಜನ ಧೋತರ, ಮೊಮ್ಮಗನಿಗೆ ಬಿಗಿಯಾದ ಶಾಲೆಯ ಅಂಗಿ. ಅಡಿಗೆ ಇಡೀ ಸೀರೆ, ನಡುವೆ ಹೊರಗೆ ತೋರಿಸಲಾಗದ ಹರಕುಗಳು, ಮೇಲೆ ಮರ್ಯಾದಸ್ಥ ಬಣ್ಣಗಳು. ದೊಡ್ಡ ಸೂಜಿಗೆ ದಪ್ಪ ದಾರ ಪೋಣಿಸಿ, ಅಂಚಿನಿಂದ ನಡುವಿನತ್ತ ಸಾಲುಸಾಲಾಗಿ ಹೊಲಿಗೆ ಓಡಿಸಿದರೆ ಪದರಗಳೆಲ್ಲ ಒಂದಾಗುತ್ತವೆ. ಒಗೆದಷ್ಟೂ ಮೆತ್ತಗಾಗುತ್ತದೆ. ಈ ಗುಣ ಇರುವ ಮಹಾಕಾವ್ಯ ನನಗಂತೂ ಕಂಡಿಲ್ಲ.

ನಿಮಿತ್ತ ಕಾರಣದ ಬಗ್ಗೆ ಮತಭೇದವಿದೆ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಒಟ್ಟುಗೂಡಿಸಿ ಕಾವ್ಯಹೇತು ಎಂದ. ಅರಸೀಕೆರೆಯ ಸಂಪ್ರದಾಯ ಇದಕ್ಕೆ ನಾಲ್ಕನೆಯದನ್ನು ಸೇರಿಸುತ್ತದೆ: ಪಕ್ಕದ ಮನೆ. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಹೊಸ ಕೌದಿ ಒಣಹಾಕಿದ ಗಳಿಗೆಯಲ್ಲಿ ಈ ಮನೆಯಾಕೆಯಲ್ಲಿ ಪ್ರತಿಭೆ ಉದಯಿಸುತ್ತದೆ. ನಕಲೆಂದು ಮೂಗು ಮುರಿಯಬೇಡಿ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಹರಣಕ್ಕೆಂದೇ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಅವನ ಹೆಂಡತಿ ಅವಂತಿಸುಂದರಿಯೂ ಪಂಡಿತೆ. ಅವರಿಗೆ ಹೆಸರಿಲ್ಲ, ನನಗಿದೆ ಎಂಬಂಥ ನೆಪ ಇಟ್ಟುಕೊಂಡು ಇನ್ನೊಬ್ಬರ ಸರಕು ಎತ್ತಬಹುದು ಎಂಬ ಆಕೆಯ ಮತವನ್ನು ಅಲ್ಲೇ ಉದ್ಧರಿಸಿದ್ದಾನೆ. ನಮ್ಮ ಓಣಿಯಲ್ಲಿ ನೆಪ ಇನ್ನೂ ಸರಳ: “ಅಕೀದು ಕೆಂಪಂಚು, ನಂದು ಹಸಿರಂಚು. ಹೆಂಗ ಒಂದಾಗ್ತೈತಿ ಹೇಳು?”

ಕಾಲವಿಚಾರದಲ್ಲಿ ಮಾತ್ರ ರಾಜಶೇಖರನನ್ನು ಒಪ್ಪಲಾಗದು. ಮೊದಲ ಪ್ರಹರ ಓದಿಗೆ, ಎರಡನೆಯದು ರಚನೆಗೆ, ಊಟವಾದ ಮೇಲೆ ಗೋಷ್ಠಿಗೆ ಎಂದು ಅವನ ವಿಧಿ. ಎರಡನೆಯ ಪ್ರಹರದಲ್ಲಿ ಅರಸೀಕೆರೆಯ ಹೆಂಚಿನ ಮೇಲೆ ರೊಟ್ಟಿ ಇರುತ್ತದೆ. ಆಚಾರ್ಯನು ರೊಟ್ಟಿ ಬಡಿದವನಲ್ಲ ಎಂಬುದು ಇಷ್ಟರಿಂದಲೇ ಸಿದ್ಧ. ಹೇಗೂ ಹೆಂಡತಿಯ ಅಭಿಪ್ರಾಯ ಕೇಳುತ್ತಿದ್ದವನು ಇದನ್ನೂ ಕೇಳಬಹುದಿತ್ತು. ನಮ್ಮಲ್ಲಿ ರಚನೆ, ಗೋಷ್ಠಿ ಎರಡೂ ಊಟದ ನಂತರ, ಒಂದೇ ಕಟ್ಟೆಯ ಮೇಲೆ, ಒಟ್ಟಿಗೇ ನಡೆಯುತ್ತವೆ. ಸೂಜಿಯೂ ನಾಲಿಗೆಯೂ ಜೊತೆಗೆ ಓಡದಿದ್ದರೆ ಕೌದಿ ಮುಗಿಯುವುದೇ ಇಲ್ಲ.

ಪ್ರತಿಭೆಯಲ್ಲಿ ಎರಡು ಬಗೆ. ಕಟ್ಟುವವರದು ಕಾರಯಿತ್ರಿ, ಸವಿಯುವವರದು ಭಾವಯಿತ್ರಿ. ಒಂದು ಕೌದಿಯಡಿ ನಾಲ್ಕು ಮಕ್ಕಳು ಕಾಲು ತೂರಿಸಿ ಜಗಳವಾಡುವುದು ಸಾಧಾರಣೀಕರಣ. ಯಜಮಾನರ ಗೊರಕೆಯೇ ರಸಾನುಭವ. ಸಹೃದಯನು ಇಷ್ಟು ಬೇಗ ಮೈಮರೆಯುವುದು ಬೇರೆ ಕಲೆಗಳಲ್ಲಿ ಕವಿಗೋಷ್ಠಿಯಲ್ಲಿ ಮಾತ್ರ ಉಂಟು.

ಉಳಿದ ಗೃಹಪ್ರಕಾರಗಳನ್ನು ಸಂಕ್ಷೇಪವಾಗಿ ನೋಡೋಣ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ, ಕೂತ ಮಸಿಗೆ ತುಪ್ಪ ಕಲಸಿ ಮಾಡುವ ಕಾಡಿಗೆ ಮುಕ್ತಕ. ಕೊಡದ ಕೆಳಗಿನ ಸಿಂಬಿ ತ್ರಿಪದಿ. ಮಹಿಳಾ ಸಂಘದ ತರಬೇತಿಯಲ್ಲಿ ಕಲಿತು ಬರುವ ಬಿಳಿ ಫಿನಾಯಿಲ್ ನಿಸ್ಸಂದೇಹವಾಗಿ ನವ್ಯ. ಪೈನ್ ಎಣ್ಣೆಯ ದ್ರಾವಣವನ್ನು ನೀರಿಗೆ ಸುರಿದೊಡನೆ ಎಣ್ಣೆ ಸಾಬೂನಿನ ಅಂಶದ ಬಲದಿಂದ ಅತಿಸಣ್ಣ ಹನಿಗಳಾಗಿ ಚದುರಿ ಇಡೀ ಬಕೆಟ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ನೋಡಿದವರಿಗೆ ಅರ್ಥವಾಗುವುದಿಲ್ಲ, ಆದರೂ ತಲೆದೂಗುತ್ತಾರೆ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ: ಸ್ಫೂರ್ತಿ ಈಗ ಮೊಬೈಲಿನಲ್ಲೇ ಸಿಗುವಾಗ ಪಕ್ಕದ ಮನೆ ಯಾಕೆ? ಖಂಡನೆ ಹೀಗೆ. ಮನೆಯಲ್ಲಿ ಇರುವುದರಿಂದಲೇ ಮಾಡಿ ಎಂದು ಶುರುವಾಗುವ ವಿಡಿಯೊ, ಎರಡನೆಯ ನಿಮಿಷಕ್ಕೆ ಅಂಟಿನ ಗನ್ನು, ಮಿಂಚಿನ ಕಾಗದ, ಮೂರು ಬಣ್ಣದ ಮಣಿ ಕೇಳುತ್ತದೆ. ಅವನ್ನು ತರಲು ದಾವಣಗೆರೆ ಬಸ್ಸು ಹತ್ತಬೇಕು. ಬಸ್ ಚಾರ್ಜಿನಲ್ಲಿ ಹೊಸ ಕಾಲೊರಸೇ ಬರುತ್ತದೆ. ಆದ್ದರಿಂದ ಪೂರ್ವಪಕ್ಷ ಅಸಾಧು. ಇದೇ ಸ್ಫೂರ್ತಿಯ ಪ್ರಶ್ನೆಯನ್ನು ಕೌದಿ ಹೊಲಿಯುವ ಅಜ್ಜಿಯ ಮುಂದಿಟ್ಟರೆ ಬರುವ ಆಪ್ತವಾಕ್ಯ: “ಅದೆಂಥದಪಾ ತಮ್ಮಾ? ಚಳಿ ಬಿದ್ರ ತಾನ ಹೊಲಿಯಾಕ ಕುಂದ್ರತೀವಿ.” ಪ್ರತ್ಯಕ್ಷ, ಅನುಮಾನ, ಉಪಮಾನಗಳಿಗೆ ಇನ್ನು ಕೆಲಸವಿಲ್ಲ.

ಈ ಶಾಸ್ತ್ರಕ್ಕೆ ಒಬ್ಬನೇ ಪ್ರಬಲ ಪ್ರತಿವಾದಿ: ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತೇನೆಂದು ಕೂಗುತ್ತ ಬರುವವನು. ಎಷ್ಟು ಕೌದಿಗಳನ್ನು ಅವು ಹುಟ್ಟುವ ಮೊದಲೇ ಗಂಟು ಕಟ್ಟಿ ಒಯ್ದಿದ್ದಾನೋ! ಓದುಗರಲ್ಲಿ ವಿನಂತಿ ಇಷ್ಟೆ. ಅವನು ಓಣಿಗೆ ಬಂದಾಗ ನೂಲಿನ ಸೀರೆ ಒಳಗಿಟ್ಟುಕೊಳ್ಳಿ. ಪಾಲಿಯೆಸ್ಟರ್ ಇದ್ದರೆ ಧಾರಾಳವಾಗಿ ಕೊಟ್ಟು ಡಬ್ಬಿ ತಗೊಳ್ಳಿ. ಅದು ಕೌದಿಗೆ ಬರುವುದಿಲ್ಲ, ಜಾರುತ್ತದೆ.