ಮನಸ್ಸು, ದೆವ್ವ, ತೊಗರಿ

ನಮ್ಮ ಕಲಬುರಗಿ ಕಡೆ ಮನಸ್ಸಿಗೆ ಎರಡು ದಾರಿ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ; ಮನಶ್ಶಾಸ್ತ್ರ ಓದಿದರೆ ಪದವಿ. ಪಕ್ಕದ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮಾ-ಅಮರಜಾ ಸಂಗಮ; ಮಿಂದು ದತ್ತಾತ್ರೇಯನ ಮುಂದೆ ನಿಂತರೆ ದೆವ್ವವೇ ರಾಜೀನಾಮೆ ಕೊಡುತ್ತದಂತೆ. ಪ್ರವೇಶ ಪರೀಕ್ಷೆಯೂ ಇಲ್ಲ!

ಭವಿಷ್ಯದ ವಿಭಾಗ ಮಾತ್ರ ಜೇವರ್ಗಿಯ ಚಹಾದಂಗಡಿಯಲ್ಲಿದೆ. ಸಂವಿಧಾನದ 371ಜೆ ವಿಧಿಯಡಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ’ವಾಯಿತು, ಅದೇ ವರ್ಷ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗೂ ಸಿಕ್ಕಿತು. ಇನ್ನು ದೊಡ್ಡ ಪ್ರಶ್ನೆ ಕೇಳಬಹುದಲ್ಲ?

“ಕಾಕಾ, ಸಮಾಜ ಮುಂದ ಹ್ಯಾಂಗ ಆಗ್ತದ್ರಿ?”

ಕಾಕಾ ಬಸಿಯ ಚಹಾ ಸೊರ್ರನೆ ಹೀರಿದರು. ಮೋಡ ನೋಡಿದರು.

“ಸಮಾಜ ಇರ್ಲಿ ತಮ್ಮಾ, ತೊಗರಿ ಕ್ವಿಂಟಲಿಗೆ ಎಷ್ಟು ನಡದದ?”